ಹರಿಯಬಿಟ್ಟ ನೀರು

ನಲ್ಲಿಯ ಬಾಯಿಗೆ ಬೆಂಕಿ ಹಿಡಿಯುವುದನ್ನು ಮೊದಲ ಸಲ ಕಂಡವರು ನಗದೆ ಬಿಡುತ್ತಿರಲಿಲ್ಲ. ಬಾಟ್ಲಿಯಣ್ಣನಿಗೆ ಆ ನಗು ರೂಢಿಯಾಗಿ ಹೋಗಿತ್ತು. ನಗುವವರು ನಗಲಿ ಎಂದು ಅವನು ಮೊದಲು ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರು ಹರಿಯಬಿಡುತ್ತಿದ್ದ. ಆಮೇಲೆ ನಿಲ್ಲಿಸಿ, ಇಕ್ಕಳದ ತುದಿಗೆ ಸಿಕ್ಕಿಸಿದ ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕಡ್ಡಿ ಗೀರಿ, ಆ ನೀಲಿ ಉರಿಯನ್ನು, ಅಂಟಿಕೊಂಡ ರೋಗಾಣು ಸಾಯಲೆಂದು, ನಲ್ಲಿಯ ಬಾಯಿಯ ಸುತ್ತ ನಿಧಾನವಾಗಿ ಆಡಿಸುತ್ತಿದ್ದ. ಮತ್ತೆ ನೀರು ಬಿಟ್ಟು, ಬಾಟಲಿಯ ಮುಚ್ಚಳವನ್ನು ಎಲ್ಲಿಗೂ ತಾಗಿಸದೆ ಕಿರುಬೆರಳಲ್ಲಿ ಮಡಚಿ ಹಿಡಿದು, ಕತ್ತಿನವರೆಗೆ ತುಂಬಿಸಿ, ಗಾಳಿಗೆ ಒಂದಿಷ್ಟು ಜಾಗ ಬಿಟ್ಟು ಮುಚ್ಚುತ್ತಿದ್ದ. ಬಾಟಲಿ ತೆರೆದಾಗಿನಿಂದ ಮುಚ್ಚುವವರೆಗೆ ಯಾರು ಏನು ಕೇಳಿದರೂ ತುಟಿ ಬಿಚ್ಚುತ್ತಿರಲಿಲ್ಲ. ಮಾತಾಡಿದರೆ ಉಗುಳು ಹಾರುತ್ತದೆ.

ಊರಿನ ನೀರು ಕಚೇರಿಯಲ್ಲಿ ಅವನ ಕೆಲಸ ಅದೊಂದೇ. ಶಾಲೆ, ಆಸ್ಪತ್ರೆ, ಹೋಟೆಲು, ಬಸ್ ನಿಲ್ದಾಣ ಹೀಗೆ ಸರದಿಯ ಮೇಲೆ ಹೋಗಿ ನಲ್ಲಿಗಳಿಂದ ನೀರಿನ ಮಾದರಿ ಹಿಡಿಯುವುದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ದೊಡ್ಡ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸುವುದು. ಸೈಕಲ್ಲಿನ ಹಿಂದೆ ಬಾಟಲಿಗಳು ಸದಾ ಗಲಗಲ ಎನ್ನುತ್ತಿದ್ದುದರಿಂದ ಬಾಟ್ಲಿಯಣ್ಣ ಎಂಬ ಹೆಸರು ಬಿದ್ದಿತ್ತು. ಹೆಸರು ಮಾತ್ರ ಕೇಳಿದ ಹೊಸಬರು ಭಾರಿ ಕುಡುಕನಿರಬೇಕು ಎಂದುಕೊಳ್ಳುತ್ತಿದ್ದರು. ಅವನೋ, ಹೋಟೆಲಿನ ಲೋಟದ ನೀರನ್ನು ಸಹ ಬೆಳಕಿಗೆ ಹಿಡಿದು ನೋಡಿ ಕುಡಿಯುವ ಆಸಾಮಿ.

ಕೆಲಸ ಕಲಿಸಿದವರು ಕಚೇರಿಯ ಹಿರಿಯ ಕೆಮಿಸ್ಟು. ಈಗ ನಿವೃತ್ತರು. ಮೊದಲ ದಿನ ಇವನು ಆತುರದಲ್ಲಿ ನಲ್ಲಿ ತಿರುಗಿಸಿದವನೇ ಬಾಟಲಿ ಒಡ್ಡಿದಾಗ ಅವರು ಅದನ್ನು ಕಸಿದುಕೊಂಡು ಚರಂಡಿಗೆ ಸುರಿದಿದ್ದರು. "ಹರಿಸದೆ ಹಿಡಿದಿದ್ದು ಊರಿನ ನೀರಲ್ಲ ಕಣೋ. ಅದು ಈ ನಲ್ಲಿಯ ಕೊಳೆ, ಈ ಮನೆಯ ಪೈಪಿನ ಕೊಳೆ. ನಮ್ಮ ಪ್ರಶ್ನೆ ಏನು? ಊರಿನ ನೀರು ಹೇಗಿದೆ ಅನ್ನೋದು. ಪ್ರಶ್ನೆಗೆ ತಕ್ಕ ನೀರು ಹಿಡಿ." ಆ ಮಾತಿನ ಮೊದಲ ಭಾಗ ಬಾಟ್ಲಿಯಣ್ಣನ ಕೈಗೆ ಇಳಿಯಿತು. ಅಂದಿನಿಂದ ಅವನ ಕೈ ಯಾವ ನಲ್ಲಿಯ ಮುಂದೆ ನಿಂತರೂ ಮೊದಲು ಹರಿಸುವುದು, ಆಮೇಲೆ ಮಿಕ್ಕಿದ್ದು. ಕೊನೆಯ ವಾಕ್ಯ ಮಾತ್ರ ಕೈಗಿಳಿಯದೆ ಎಲ್ಲೋ ಕಿವಿಯಲ್ಲೇ ಉಳಿದುಹೋಯಿತು.

ಅವನಿಗೆ ಮದುವೆಯಾಗಿರಲಿಲ್ಲ. ಸಂಸಾರ ಅಂತ ಇದ್ದದ್ದು ತಂಗಿಯ ಮನೆ. ತಂಗಿ, ಬಸ್ ಕಂಡಕ್ಟರನಾದ ಅವಳ ಗಂಡ, ಅವರ ಒಬ್ಬಳೇ ಮಗಳು ಪುಟ್ಟಿ. ಹಳೆಯ ಬೀದಿಯಲ್ಲಿ ಎರಡನೇ ಮಹಡಿಯ ಮನೆ ಅದು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಪುಟ್ಟಿ ಕಾಲು ನೀಡಿ ಕೂತು ಬೀದಿ ನೋಡಬಹುದಿತ್ತು. ಹಾಗೆ ಕೂತೇ ಅವಳು ಮಾಮನ ಸೈಕಲ್ಲು ಕಂಡೊಡನೆ "ಬಾತಿ! ಬಾತಿ!" ಎಂದು ಕೂಗುತ್ತಿದ್ದಳು. ಬಾಟ್ಲಿ ಅನ್ನಲು ನಾಲಗೆ ಹೊರಳುತ್ತಿರಲಿಲ್ಲ.

"ನೋಡಿ ಭಾವ," ಎನ್ನುತ್ತಿದ್ದ ಕಂಡಕ್ಟರ್, "ಅಪ್ಪ ಅನ್ನೋಕೆ ಮುಂಚೆ ನಿಮ್ಮ ಹೆಸರು ಕಲಿತ್ಲು. ನಾನು ದಿನಾ ತಂದು ಹಾಕೋನು, ನೀವು ಖಾಲಿ ಬಾಟ್ಲಿ ಅಲ್ಲಾಡಿಸ್ಕೊಂಡು ಬರೋರು. ಇದು ನ್ಯಾಯನಾ?"

ಮಾತು ಬರುವ ವಯಸ್ಸಿಗೆ ಸರಿಯಾಗಿ ಬಂದಿತ್ತು. ನೀರಿಗೆ ನೀನೀ, ಬಸ್ಸಿಗೆ ಬುಸ್ಸು, ಬೆಕ್ಕಿಗೆ ಬೆಕ್ಕಿನದೇ ದನಿ. ಆಮೇಲೆ ಅವು ಒಂದೊಂದಾಗಿ ಹಿಂದಕ್ಕೆ ಹೋಗತೊಡಗಿದವು. ಮೊದಲು ಬೆಕ್ಕು ಹೋಯಿತು. ಆಮೇಲೆ ಬಸ್ಸು. ಮಗು ಬಿಳಿಚಿಕೊಂಡಿತು, ಊಟ ಕಂಡರೆ ಮುಖ ತಿರುಗಿಸತೊಡಗಿತು, ಹೊಟ್ಟೆ ಹಿಡಿದುಕೊಂಡು ಮೊಳಕಾಲಿಗೆ ಹಣೆ ಹಚ್ಚಿ ಅಳುತ್ತಿತ್ತು. ಹಲ್ಲು ಬರುತ್ತಿರಬೇಕು ಎಂದರು ಪಕ್ಕದ ಮನೆಯವರು. ಜಂತು ಎಂದರು ಕೆಳಗಿನ ಮನೆಯವರು. "ದೊಡ್ಡವಳಾಗಿ ಕಂಡಕ್ಟರ್ ಆಗಲ್ಲ ಬಿಡಿ, ಡ್ರೈವರ್ ಆಗ್ತಾಳೆ. ಡ್ರೈವರುಗಳಿಗೆ ಮಾತು ಕಮ್ಮಿ," ಎಂದು ಕಂಡಕ್ಟರ್ ನಗಿಸಲು ನೋಡಿದ. ತಂಗಿ ನಗಲಿಲ್ಲ.

"ಅಣ್ಣ, ನೀರಲ್ಲೇನಾದ್ರೂ ಇರಬಹುದಾ?" ಎಂದು ಅವಳೇ ಕೇಳಿದ್ದು. "ನೀನು ಊರಿಗೆಲ್ಲ ನೋಡ್ತೀಯ. ನಮ್ಮನೇದು ಒಂದ್ಸಲ ನೋಡು."

ಅವನು ಮರುದಿನವೇ ಡಬ್ಬಿ ಹೊತ್ತು ಬಂದ. ಸಾಮಾನ್ಯವಾಗಿ ರೋಗಾಣುಗಳ ಪರೀಕ್ಷೆಗೆ ಒಂದೇ ಬಾಟಲಿ ಸಾಕು. ತಂಗಿಯ ಮನೆಯದೆಂದು ಎರಡು ತಂದಿದ್ದ. ಎರಡನೆಯದು ಲೋಹಗಳ ಪರೀಕ್ಷೆಗೆ, ಆಮ್ಲದಲ್ಲಿ ತೊಳೆದು ಒಣಗಿಸಿದ್ದು. ಅಂಥದ್ದನ್ನು ಅವನು ವರ್ಷಕ್ಕೊಮ್ಮೆ ಊರಿನ ದೊಡ್ಡ ಟ್ಯಾಂಕಿನ ನೀರಿಗೆ ಮಾತ್ರ ಬಳಸುತ್ತಿದ್ದ. ಪುಟ್ಟಿಗೆ ಯಾವುದೂ ಕಡಿಮೆಯಾಗಬಾರದು ಎಂದು ಹಿಂದಿನ ಸಂಜೆಯೆಲ್ಲ ಕೂತು ಅದನ್ನು ಮತ್ತೆ ಮತ್ತೆ ತೊಳೆದಿದ್ದ.

ನಲ್ಲಿ ತಿರುಗಿಸಿ ಹರಿಯಬಿಟ್ಟ. ತಂಗಿಗೆ ಜೀವವೇ ಹೋದಂತಾಯಿತು. ಅಣ್ಣ ತಂಗಿ ಬೆಳೆದ ಮನೆಯಲ್ಲಿ ನಲ್ಲಿ ಇರಲಿಲ್ಲ. ಬೀದಿಯ ಕೊಳಾಯಿಯಿಂದ ನೀರನ್ನು ಮೆಟ್ಟಿಲು ಹತ್ತಿಸಿ ತರುತ್ತಿದ್ದವಳು ಅವಳು. ಅಣ್ಣನಿಗೆ ಓದು, ತಂಗಿಗೆ ಬಕೆಟ್ಟು. ಆದ್ದರಿಂದ ಅವಳು ತರಕಾರಿ ತೊಳೆದ ನೀರನ್ನು ನೆಲ ಒರೆಸಲು ಎತ್ತಿಡುವವಳು, ಸರಿಯಾಗಿ ನಿಲ್ಲಿಸದ ನಲ್ಲಿ ಪಕ್ಕದ ಮನೆಯದಾದರೂ ಹೋಗಿ ನಿಲ್ಲಿಸಿ ಬರುವವಳು.

"ಅಣ್ಣ, ಕೆಳಗೆ ಬಕೆಟ್ ಇಡ್ತೀನಿ ತಡಿ."

ಅವನು ಕೈಯಾಡಿಸಿ ಬೇಡವೆಂದ. ಬಕೆಟ್ಟಿನ ನೀರು ಸಿಡಿದು ನಲ್ಲಿಗೆ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ.

"ಕರುಳು ಕಿತ್ತು ಬರ್ತಿದೆ ಕಣೋ. ತಣ್ಣಗೂ ಆಗೋಯ್ತು. ಸಾಕು ಬಿಡು."

"ತಣ್ಣಗಾಗ್ಲಿ ಅಂತಲೇ ಬಿಟ್ಟಿರೋದು," ಎಂದ ಅವನು, ಬಾಟಲಿ ಇನ್ನೂ ತೆರೆದಿರಲಿಲ್ಲವಾದ್ದರಿಂದ. "ತಣ್ಣಗಾಯ್ತು ಅಂದ್ರೆ ಬೀದಿಯ ದೊಡ್ಡ ಪೈಪಿನ ನೀರು ಬಂತು ಅಂತ. ಅದೇ ಸರಿಯಾದ ನೀರು."

ಆಮೇಲೆ ಬೆಂಕಿ ಹಚ್ಚಿದ. ಕಂಡಕ್ಟರ್ ಬಾಗಿಲಲ್ಲಿ ನಿಂತು, "ನಲ್ಲಿಗೆ ಸಿಗರೇಟು ಹಚ್ಚಿಸ್ತಿದ್ದೀರಾ ಭಾವ? ನನಗೆ ಮಾತ್ರ ಬಿಡು ಬಿಡು ಅಂತೀರಿ," ಎಂದ. ಪುಟ್ಟಿ ಉರಿಯನ್ನು ಕಂಡು ಅಪ್ಪನ ಕಾಲಿನ ಹಿಂದೆ ಅವಿತಳು. ಎರಡೂ ಬಾಟಲಿಗಳು ಒಂದೇ ಹರಿವಿನಿಂದ, ಒಂದರ ಹಿಂದೆ ಒಂದು, ತುಂಬಿದವು. ಎರಡನೆಯದಕ್ಕೆ, ಲೋಹ ಬಾಟಲಿಗೆ ಅಂಟದಿರಲೆಂದು, ಹನಿಹನಿಯಾಗಿ ಆಮ್ಲ ಬಿಟ್ಟು ಮುಚ್ಚಳ ಬಿಗಿಮಾಡಿದ. ಇದಕ್ಕಿಂತ ಚೊಕ್ಕವಾಗಿ ಅವನು ಯಾವ ಮಾದರಿಯನ್ನೂ ಹಿಡಿದಿರಲಿಲ್ಲ.

ಡಬ್ಬಿ ಹೋದದ್ದು ಕಂಡಕ್ಟರನದೇ ಬಸ್ಸಿನಲ್ಲಿ. "ಇದಕ್ಕೆ ಪೂರ್ತಿ ಟಿಕೆಟ್ಟಾ, ಅರ್ಧನಾ ಭಾವ? ಕಿಟಕಿ ಪಕ್ಕ ಬೇಕಂತಾ?" ಎಂದು ಅವನು ಬಸ್ಸು ಹೊರಡುವವರೆಗೂ ಚೇಷ್ಟೆ ಮಾಡಿದ. ಡಬ್ಬಿಯನ್ನು ಮಾತ್ರ ಕಾಲಡಿಯಲ್ಲೇ ಇಟ್ಟುಕೊಂಡು, ಲ್ಯಾಬಿನ ಕಿಟಕಿಗೆ ತಾನೇ ತಲುಪಿಸಿ ಬಂದ.

ಫಲಿತಾಂಶ ಬಂತು. ರೋಗಾಣು ಇಲ್ಲ. ಲೋಹಗಳೆಲ್ಲ ಮಿತಿಯೊಳಗೆ. ನೀರು ಕುಡಿಯಲು ಯೋಗ್ಯ. ಬಾಟ್ಲಿಯಣ್ಣ ಅದನ್ನು ತಂಗಿಯ ಕೈಗೆ ಕೊಟ್ಟಾಗ ಅವಳು ಕಣ್ಣೊರೆಸಿಕೊಂಡಳು. ಒಂದು ಭಯವಾದರೂ ಕಳೆಯಿತಲ್ಲ ಎಂಬ ನೆಮ್ಮದಿ.

ಮಕ್ಕಳ ಡಾಕ್ಟರಮ್ಮ ಬುದ್ಧಿವಂತೆ. ಮೊದಲ ಭೇಟಿಯಲ್ಲೇ ಮನೆಯ ಬಣ್ಣ, ಆಟಿಕೆ, ಪಾತ್ರೆ ಎಲ್ಲ ವಿಚಾರಿಸಿ, "ಮನೆ ಹಳೇದಾ? ಹಳೇ ಮನೆಗಳಲ್ಲಿ ಒಮ್ಮೊಮ್ಮೆ ನೀರಿನ ತೊಂದರೆ ಇರುತ್ತೆ," ಎಂದರು.

"ನೀರು ಪರೀಕ್ಷೆ ಆಗಿದೆ ಡಾಕ್ಟ್ರೇ," ಎಂದಳು ತಂಗಿ, ಬೆನ್ನು ನೆಟ್ಟಗೆ ಮಾಡಿಕೊಂಡು. "ನಮ್ಮಣ್ಣನೇ ಮಾಡಿಸಿದಾನೆ. ಅವನ ಕೆಲಸವೇ ಅದು. ಲೋಹಗೀಹ ಎಲ್ಲ ನೋಡಿದಾರೆ."

ಡಾಕ್ಟರಮ್ಮ ಬಾಟ್ಲಿಯಣ್ಣನ ಕಡೆ ನೋಡಿದರು. ಅವನು ತಲೆಯಾಡಿಸಿದ. ಅವರು ತಾವು ಬರೆದುಕೊಂಡಿದ್ದ ಒಂದು ಪದವನ್ನು ಹೊಡೆದುಹಾಕಿದರು. ಬಣ್ಣ ಸುಲಿದಿಲ್ಲ, ನೀರು ಚೆನ್ನಾಗಿದೆ. ಇನ್ನು ಆ ದಿಕ್ಕಿಗೆ ಹೋಗುವ ಕಾರಣವಿರಲಿಲ್ಲ.

ಆಮೇಲೆ ಬೇರೆ ದಿಕ್ಕುಗಳು. ಜಂತಿಗೆ ಔಷಧ, ರಕ್ತ ಕಡಿಮೆಯೆಂದು ಕಬ್ಬಿಣದ ಟಾನಿಕ್ಕು, ಕಿವಿಯ ಆಸ್ಪತ್ರೆ. ಅಲ್ಲಿ ಪುಟ್ಟಿಯ ತಲೆಗೆ ದೊಡ್ಡ ಹೆಡ್‌ಫೋನು ಹಾಕಿ ಗಂಟೆಯ ದನಿ ಕೇಳಿಸಿದರು. ಕಿವಿ ಚೆನ್ನಾಗಿತ್ತು. ಮಾತು ಕಲಿಸುವ ಟೀಚರು ಚಿತ್ರ ತೋರಿಸಿ "ಇದೇನು ಪುಟ್ಟಿ?" ಎಂದರೆ ಅವಳು ಚಿತ್ರವನ್ನಲ್ಲ, ಟೀಚರ ಬೆರಳನ್ನು ನೋಡುತ್ತಿದ್ದಳು. ಬಾತಿ ಎಂಬುದು ಯಾವ ದಿನ ನಿಂತಿತೋ ಯಾರಿಗೂ ನೆನಪಿಲ್ಲ. ಕಿಟಕಿಯ ಕಟ್ಟೆಯಿಂದ ಸೈಕಲ್ಲು ಕಂಡರೆ ಈಗ ಅವಳು ಬರೀ ನೋಡುತ್ತಿದ್ದಳು, ಯಾವುದೋ ಸೈಕಲ್ಲನ್ನು ನೋಡುವಂತೆ.

ಚಳಿಗಾಲ ಬಂತು. ಒಂದು ಸಂಜೆ ಪುಟ್ಟಿಯ ಹೊಟ್ಟೆನೋವು ಜೋರಾಯಿತು. ಕಂಡಕ್ಟರನಿಗೆ ಬೆಳಗಿನ ಮೊದಲ ಬಸ್ಸು. ತಂಗಿಯೊಬ್ಬಳೇ ಮಗುವನ್ನು ಆಸ್ಪತ್ರೆಗೆ ಒಯ್ಯುವುದು ಬೇಡವೆಂದು ಬಾಟ್ಲಿಯಣ್ಣ ಅಲ್ಲೇ ಉಳಿದ. ಬೆಳಗಾಗುತ್ತಿದ್ದಂತೆ ಅಡುಗೆಮನೆಯಲ್ಲಿ ಸದ್ದಾಯಿತು. ಕಂಬಳಿ ಹೊದ್ದೇ ಎದ್ದು ಬಂದ.

ತಂಗಿ ನಲ್ಲಿಯ ಕೆಳಗೆ ಪುಟ್ಟಿಯ ಪುಟ್ಟ ಪಾತ್ರೆ ಹಿಡಿದಿದ್ದಳು. ಇನ್ನೊಂದು ಕೈಯ ಬೆರಳು ನೀರಿನ ಧಾರೆಯಲ್ಲಿ. ತೆಳ್ಳಗೆ ಬಿಟ್ಟಿದ್ದಳು. ಪಾತ್ರೆ ತುಂಬಿತು, ಪಕ್ಕದಲ್ಲಿದ್ದ ಕೆಟಲಿಗೂ ಹಿಡಿದಳು. ಬೆರಳು ಥಟ್ಟನೆ ಹಿಂದಕ್ಕೆ ಬಂತು, ನಲ್ಲಿ ನಿಂತಿತು.

"ಎದ್ಯಾ? ಮುಖ ತೊಳೆಯೋಕೆ ಬಿಸಿನೀರು ಇಡ್ತೀನಿ ತಡಿ."

"ಏನದು? ಬೆರಳು ಯಾಕೆ ಇಟ್ಟಿದ್ದೆ?"

"ಯಾವುದು? ಇದಾ?" ಅವಳು ನಕ್ಕಳು. "ನಿನ್ನ ಸೊಸೆಗೆ ತಣ್ಣೀರು ಆಗಲ್ವಲ್ಲ. ರಾತ್ರಿಯೆಲ್ಲ ಗೋಡೆಯೊಳಗೆ ಮಲಗಿದ ನೀರು ಬೆಚ್ಚಗಿರುತ್ತೆ ಕಣೋ. ಗಂಟಲಿಗೆ ಹಿತ. ತಣ್ಣಗಾಗೋದ್ರೊಳಗೆ ಹಿಡಿದಿಟ್ಕೊಂಡ್ರೆ ದಿನವಿಡೀ ಅವಳ ಹಾಲುಪುಡಿಗೆ, ಗಂಜಿಗೆ, ಕುಡಿಯೋಕೆ ಆಗುತ್ತೆ. ಗ್ಯಾಸೂ ಉಳೀತು, ನೀರೂ ಚೆಲ್ಲಲಿಲ್ಲ."

"ಯಾವಾಗಿಂದ?"

"ಈ ಮನೆಗೆ ಬಂದಾಗಿಂದ. ಅವಳಿನ್ನೂ ಬಾಟ್ಲಿ ಹಾಲು ಕುಡೀತಿದ್ಲು."

ಬಾಟ್ಲಿಯಣ್ಣ ಕಂಬಳಿಯನ್ನು ಪಕ್ಕಕ್ಕೆಸೆದ. ನೆಲದ ಮೇಲೆ ಕೂತು ಸಿಂಕಿನ ಕೆಳಗೆ ತಲೆ ಹಾಕಿದ. ಗೋಡೆಯಿಂದ ಹೊರಬಂದ ಪೈಪು ಅಲ್ಲಿ ಸ್ವಲ್ಪ ಕಾಣುತ್ತಿತ್ತು. ಯಾವ ಕಾಲದಲ್ಲೋ ಬಳಿದ ದಪ್ಪ ಬಣ್ಣ. ಸೈಕಲ್ಲಿನ ಬೀಗದ ಕೈಯಿಂದ ಬಣ್ಣ ಕೆರೆದ. ಒಳಗೆ ಮಾಸಿದ ಬೂದು. ಇನ್ನೊಂದು ಸಲ ಗೀರಿದ. ಕಬ್ಬಿಣವಾಗಿದ್ದರೆ ಬೀಗದ ಕೈ ಜಾರಬೇಕಿತ್ತು. ಇದು ಬೆಣ್ಣೆಯಂತೆ ಮೆತ್ತಗೆ ಕೊರೆದುಕೊಂಡಿತು, ಗೀರು ಬೆಳ್ಳಿಯಂತೆ ಹೊಳೆಯಿತು. ಸೀಸ. ಈ ಅಡುಗೆಮನೆಯಲ್ಲಿ ಅವನು ಎಷ್ಟು ಸಲ ಕೂತು ಊಟ ಮಾಡಿದ್ದನೋ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವನ ಕೆಲಸ ನಲ್ಲಿಯ ಬಾಯಿಂದ ಈಚೆಗೆ.

ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಪೈಪು ಕರಗುತ್ತದೆ. ಬೆಳಿಗ್ಗೆ ಮೊದಲು ಬರುವುದು ಅದೇ. ಹರಿಯಬಿಟ್ಟರೆ ಅದು ತೊಳೆದುಹೋಗಿ ಹಿಂದಿನಿಂದ ಬೀದಿಯ ಒಳ್ಳೆಯ ನೀರು ಬರುತ್ತದೆ. ಅವನು ಇದೇ ನಲ್ಲಿಯ ಮುಂದೆ ನಿಂತು, ತಂಗಿ ಸಾಕು ಬಿಡು ಎಂದರೂ ಬಿಡದೆ, ಇದ್ದ ವಿಷವನ್ನೆಲ್ಲ ಚರಂಡಿಗೆ ಹರಿಸಿ, ಮಿಕ್ಕ ಒಳ್ಳೆಯ ನೀರನ್ನು ಆಮ್ಲದಲ್ಲಿ ತೊಳೆದ ಬಾಟಲಿಗೆ ಹಿಡಿದಿದ್ದ. ಪುಟ್ಟಿ ಕುಡಿದ ನೀರು ಅದಾಗಿರಲಿಲ್ಲ. ಪುಟ್ಟಿ ಕುಡಿದ ನೀರನ್ನು ಅವನು ಬಾಟಲಿಗೆ ಮುಟ್ಟಗೊಡಲೇ ಇಲ್ಲ. ಪ್ರಶ್ನೆಗೆ ತಕ್ಕ ನೀರು ಹಿಡಿ ಎಂದಿದ್ದರು ಹಿರಿಯರು. ಪ್ರಶ್ನೆ ಊರಿನ ನೀರಿನದಾಗಿರಲಿಲ್ಲ.

"ಏನು ಬಿತ್ತು ಕೆಳಗೆ?" ಎಂದಳು ತಂಗಿ.

"ಏನಿಲ್ಲ." ಅವನು ಎದ್ದು ಪುಟ್ಟ ಪಾತ್ರೆಯನ್ನೂ ಕೆಟಲನ್ನೂ ಸಿಂಕಿಗೆ ಬಗ್ಗಿಸಿದ.

"ಅಯ್ಯೋ! ಏನಾಯ್ತು ನಿನಗೆ?"

"ಇವತ್ತಿಂದ ಪುಟ್ಟಿಗೆ ಈ ನಲ್ಲಿ ನೀರು ಬೇಡ. ಯಾರಿಗೂ ಬೇಡ. ನಮ್ಮನೆಯಿಂದ ಕ್ಯಾನಲ್ಲಿ ತಂದ್ಕೊಡ್ತೀನಿ."

"ಚೆನ್ನಾಗಿದೆ ಅಂತ ನೀನೇ ಅಂದಿದ್ದೆ."

"ಒಂದು ಅನುಮಾನ. ಇನ್ನೊಂದ್ಸಲ ನೋಡಿಬಿಡೋಣ."

ಅಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು ಅವನು ಹೇಳಿದ. ಅವರು ಬೈಯಲಿಲ್ಲ. ಒಳಗೆ ಹೋಗಿ, ಪುಟ್ಟಿಯ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯಲು ಹೇಳಿದರು. ಆ ಪರೀಕ್ಷೆಯೂ ಈ ಊರಿನಲ್ಲಿ ಆಗುವಂಥದ್ದಲ್ಲ. ಅದೂ ದೊಡ್ಡ ಊರಿಗೇ ಹೋಗಬೇಕು.

ಮರುದಿನ ಬೆಳಕು ಹರಿಯುವ ಮುಂಚೆ ಅವನು ಮತ್ತೆ ಆ ನಲ್ಲಿಯ ಮುಂದೆ ನಿಂತ. ಹಿಂದಿನ ಸಂಜೆಯಿಂದ ಮನೆಯಲ್ಲಿ ಯಾರೂ ನಲ್ಲಿ ಮುಟ್ಟಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ನಲ್ಲಿಯ ಕೆಳಗೆ ಹಿಡಿದ. ಬಲಗೈ ನಲ್ಲಿಯ ಮೇಲೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಇಷ್ಟು ವರ್ಷ ಹರಿಸಿದ ಕೈ ಅದು, ಮೊದಲ ಹನಿಗೆ ಬಾಟಲಿ ಒಡ್ಡಲು ಒಪ್ಪಲಿಲ್ಲ. ಬಲವಂತವಾಗಿ ತಿರುಗಿಸಿದ.

"ಬೆಂಕಿ ಹಚ್ಚಲ್ವಾ?" ಎಂದಳು ಹಿಂದಿನಿಂದ ತಂಗಿ.

ಅವನು ತಲೆಯಾಡಿಸಿದ.

"ಹರಿಸಲೂ ಇಲ್ಲ. ಹೋದ ಸಲ ಅಷ್ಟೊಂದು ಹರಿಸಿದ್ಯಲ್ಲ ಅಣ್ಣ?"

ಬಾಟಲಿ ತೆರೆದಿರುವಾಗ ಅವನು ಮಾತಾಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ನಿಯಮಕ್ಕೆ ಅವನು ಅಂದಿನಷ್ಟು ಋಣಿಯಾಗಿದ್ದುದು ಎಂದೂ ಇಲ್ಲ. ಬೆರಳಿಗೆ ತಾಗಿದ ನೀರು ನಿಜಕ್ಕೂ ಬೆಚ್ಚಗಿತ್ತು.

ಚೀಟಿಯ ಮೇಲೆ ಪ್ರಾಮಾಣಿಕವಾಗಿ ಬರೆದ: ನಲ್ಲಿ ಹರಿಸಿಲ್ಲ. ಕಂಡಕ್ಟರ್ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವನಿಗೆ ಎಲ್ಲವೂ ಅಲ್ಲದಿದ್ದರೂ ಅರ್ಧ ಅರ್ಥವಾಗಿತ್ತು. ಟಿಕೆಟ್ಟಿನ ಮಾತೆತ್ತಲಿಲ್ಲ. ತನ್ನ ಸೀಟಿನ ಮೇಲೆ ಡಬ್ಬಿಯಿಟ್ಟು, ದಾರಿಯುದ್ದಕ್ಕೂ ತಾನು ನಿಂತೇ ಹೋದನಂತೆ.

ಆ ದಿನವೇ ಲ್ಯಾಬಿನ ಮೇಡಂ ಫೋನು ಮಾಡಿದರು. ಎಷ್ಟೋ ವರ್ಷದಿಂದ ಅವನ ಬಾಟಲಿಗಳನ್ನು ತೆರೆಯುತ್ತಿದ್ದವರು. ಮುಖ ಕಂಡದ್ದಿಲ್ಲ.

"ಏನ್ರೀ ಇದು, ಹರಿಸಿಲ್ಲ ಅಂತ ಬರೆದಿದ್ದೀರಿ? ನಮ್ಮ ಹುಡುಗರು ವಾಪಸ್ ಇಟ್ಬಿಟ್ಟಿದಾರೆ, ತಪ್ಪು ಮಾದರಿ ಅಂತ. ನಿಮ್ಮದು ಅಂದ್ರೆ ನಾವು ಕಣ್ಣು ಮುಚ್ಕೊಂಡು ತಗೋತೀವಿ. ಇದೇ ಮನೇದು ಹೋದ ಸಲ ಎಷ್ಟು ಚೊಕ್ಕವಾಗಿ ಕಳಿಸಿದ್ರಿ! ಹೊಸಬರಿಗೆ ತೋರಿಸಿದೀನಿ ನಾನು, ಮಾದರಿ ಹಿಡಿದ್ರೆ ಹೀಗೆ ಹಿಡೀಬೇಕು ಅಂತ."

"ಮೇಡಂ, ವಾಪಸ್ ಕಳಿಸಬೇಡಿ. ಬೇಕು ಅಂತಲೇ ಹರಿಸಿಲ್ಲ. ಸೀಸ ಒಂದೇ ನೋಡಿ ಸಾಕು."

ಅತ್ತ ಕಡೆ ಯಾವುದೋ ಯಂತ್ರ ಗುಂಯ್‌ಗುಟ್ಟುತ್ತಿತ್ತು.

"ಮನೇಲಿ ಮಕ್ಕಳಿದಾವಾ?" ಎಂದರು ಮೇಡಂ, ಬೇರೆಯೇ ದನಿಯಲ್ಲಿ.

"ಒಬ್ಬಳು."

"ಎಷ್ಟು ದೊಡ್ಡವಳು?"

ಅವನು ಹೇಳಿದ.

"ನಿಮಗೇನಾಗಬೇಕು?"

"ತಂಗಿ ಮಗಳು."

"ನಾನೇ ಕೂತು ಮಾಡ್ತೀನಿ," ಎಂದರು ಮೇಡಂ.

ನೀರಿನಲ್ಲಿ ಸೀಸ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು. ರಕ್ತದಲ್ಲೂ. ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡರು. ಪುಟ್ಟಿ ತಂಗಿಯ ತೊಡೆಯ ಮೇಲೆ ಕೂತು ಸೆರಗಿನ ಅಂಚನ್ನು ಬಾಯಲ್ಲಿಟ್ಟುಕೊಂಡಿದ್ದಳು.

"ರಕ್ತದಲ್ಲಿರೋದನ್ನ ಔಷಧಿ ಕೊಟ್ಟು ಇಳಿಸಬಹುದು. ಇಳಿಸೋಣ. ಹೊಟ್ಟೆನೋವು ಹೋಗುತ್ತೆ, ಊಟ ಸೇರುತ್ತೆ."

"ಮಾತು?" ಎಂದಳು ತಂಗಿ.

"ತಲೆಗೆ ಆಗಿರೋದಕ್ಕೆ ಔಷಧಿ ಇಲ್ಲಮ್ಮ. ಕಲಿಸೋಣ, ಬಿಡೋದು ಬೇಡ. ಎಷ್ಟು ಕಲೀತಾಳೆ ಅಂತ ನಾನು ಸುಳ್ಳು ಹೇಳಲಾರೆ. ಇದು ಇನ್ನೂ ಮೊದಲೇ ಗೊತ್ತಾಗಿದ್ರೆ..."

"ಮೊದಲೇ ಬಂದಿದ್ವಿ," ಎಂದ ಕಂಡಕ್ಟರ್. ಯಾರನ್ನೂ ದೂರುವ ದನಿಯಲ್ಲಲ್ಲ. ಸ್ಟಾಪು ದಾಟಿಹೋದ ಪ್ರಯಾಣಿಕನಿಗೆ ಹೇಳುವಂತೆ, ಮೆಲ್ಲಗೆ. ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನಿಗೆ ಕ್ಯಾಪು ಹಾಕಿದರು. ಬಾಟ್ಲಿಯಣ್ಣ ತನ್ನ ಕೈಗಳನ್ನು ಮೊಳಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತಿದ್ದ.

ಅವನು ಕಚೇರಿಗೂ ಹೋದ. ಆ ಬೀದಿಯ ಎಲ್ಲ ಮನೆಗಳ ಮೊದಲ ನೀರನ್ನು ಹಿಡಿಯಬೇಕು, ಅಲ್ಲಿ ಇನ್ನೂ ಮಕ್ಕಳಿದ್ದಾವೆ ಎಂದ. ಸಾಹೇಬರು ಸಿಡುಕಲಿಲ್ಲ, ಕುರ್ಚಿ ಕೊಟ್ಟು ಕೂರಿಸಿದರು. "ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ನಮ್ಮ ನೀರು ಚೆನ್ನಾಗಿದೆ ಅಂತ ನೀವೇ ಹಿಡಿದ ಮಾದರಿ ಹೇಳ್ತಿದೆ. ಪೈಪು ಮನೆ ಮಾಲೀಕರದು. ಗೋಡೆಯೊಳಗಿನದಕ್ಕೆ ನಾವು ಕೈ ಹಾಕೋಕಾಗಲ್ಲ. ಜನಕ್ಕೆ ಹೇಳಿ, ಬೆಳಿಗ್ಗೆ ಸ್ವಲ್ಪ ನೀರು ಹರಿಸಿ ಆಮೇಲೆ ಹಿಡಿಯಿರಿ ಅಂತ."

ಅವನು ಮನೆಮನೆಗೆ ಹೋಗಿ ಹೇಳಿದ. ಕೇಳಿದವರು ಹೂಂ ಎಂದರು. ಕೆಳಗಿನ ಮನೆಯಾಕೆ ಮಾತ್ರ, ಎಳೆಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡವಳು, ಕಣ್ಣರಳಿಸಿ ಕೇಳಿದಳು: "ನಿಮ್ಮ ತಂಗಿಯೋರು ಚೆನ್ನಾಗಿದೆ ಅಂದ್ರಲ್ಲ? ಲ್ಯಾಬಿಂದು ಬಂದಿದ್ದನ್ನ ನಮಗೆಲ್ಲ ತೋರಿಸಿದ್ರು. ಅದನ್ನ ನೋಡೇ ನಾನು ಕುದಿಸೋದನ್ನೂ ಬಿಟ್ಟೆ." ಕುದಿಸಿದರೂ ಸೀಸ ಹೋಗುವುದಿಲ್ಲ ಎಂದು ಅವನು ಹೇಳಿದ. ಹೇಳಿ, ಸಮಾಧಾನವಾಗುವ ಬದಲು ಇನ್ನಷ್ಟು ಕುಗ್ಗಿಹೋದ.

ಅಲ್ಲಿಂದ ಮಹಡಿ ಹತ್ತಿದ. ಕ್ಯಾನನ್ನು ಬಾಗಿಲ ಪಕ್ಕ ಇಳಿಸಿದ. ಕಂಡಕ್ಟರನಿಗೆ ಅಂದು ರಜೆ. ಸಮವಸ್ತ್ರವಿಲ್ಲದೆ ಅವನು ಎಷ್ಟು ಸಣ್ಣಗೆ ಕಾಣುತ್ತಾನೆ ಎಂದು ಬಾಟ್ಲಿಯಣ್ಣನಿಗೆ ಮೊದಲ ಸಲ ಅನ್ನಿಸಿತು. ಪುಟ್ಟಿ ನೆಲದ ಮೇಲೆ ಕೂತು ಖಾಲಿ ಲೋಟಕ್ಕೆ ಚಮಚ ಬಡಿಯುತ್ತಿದ್ದಳು, ಒಂದೇ ಸಮನೆ.

ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎಷ್ಟು ದಿನದಿಂದ ಒಳಗೇ ತಿರುವಿಹಾಕುತ್ತಿದ್ದಳೋ. "ಅಣ್ಣ, ಒಂದು ಕೇಳ್ತೀನಿ. ಮೊದಲ ಸಲದ ನೀರಲ್ಲಿ ಏನೂ ಇರಲಿಲ್ಲ. ಎರಡನೇ ಸಲ ಇತ್ತು. ನಲ್ಲಿ ಅದೇ, ನೀರು ಅದೇ. ಹೇಗೆ?"

"ನಾನು ಹಿಡಿದ ರೀತಿ ತಪ್ಪು. ತಪ್ಪು ನನ್ನದು. ನಿನಗೆ ಅದೆಲ್ಲ ಯಾಕೆ ಬಿಡು."

"ಏನು ತಪ್ಪು ಅಂತ ಹೇಳು. ನಾನೇನು ಬಯ್ಯಲ್ಲ."

"ಹರಿಸಬಾರದಿತ್ತು."

"ಹರಿಸಿದ್ರೆ ಹೋಗಿಬಿಡುತ್ತಾ ಅದು?"

"ಹೋಗುತ್ತೆ. ರಾತ್ರಿ ಪೈಪಲ್ಲಿ ನಿಂತಿದ್ದ ನೀರಲ್ಲಿ ಮಾತ್ರ..." ಅವನು ತಡೆದ. ತಡೆದದ್ದು ತಡವಾಗಿತ್ತು. ಬೇರೆ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಾಟಲಿ ಇಲ್ಲದ ಕಡೆ ಸುಮ್ಮನಿರಲು ಅವನು ಕಲಿತೇ ಇರಲಿಲ್ಲ. "ಎಲ್ಲರ ಮನೇಲೂ ಹಿಡಿದಿಟ್ಕೋತಾರೆ. ನಾನು ಮೊದಲೇ ಬಗ್ಗಿ ನೋಡಿದ್ರೆ..."

ತಂಗಿ ಕೇಳಿಸಿಕೊಳ್ಳುತ್ತಿರಲಿಲ್ಲ. ಒಳಗೆ ಹೋಗಿ ಸಿಂಕಿನ ಮುಂದೆ ನಿಂತಳು. ನಲ್ಲಿ ತಿರುಗಿಸಿದಳು. ಎಂದಿನಂತೆ ಬೆರಳನ್ನು ಧಾರೆಗೆ ಒಡ್ಡಿದಳು. ಬೆಳಿಗ್ಗೆಯಿಂದ ಯಾರೂ ಮುಟ್ಟದ ನೀರು ಬಂತು, ಹರಿಯಿತು. ಅವಳು ನಲ್ಲಿಯನ್ನು ಇನ್ನೂ ತಿರುಗಿಸಿದಳು, ತಿರುಗುವಷ್ಟೂ. ನೀರು ಸಿಂಕಿನ ಅಂಚಿಗೆ ಹಾರಿ ಅವಳ ಸೀರೆಯ ಮೇಲೆ ಬಿತ್ತು.

"ತಣ್ಣಗಾಯ್ತು," ಎಂದಳು, ಯಾರಿಗೋ. ಕೈ ತೆಗೆಯಲಿಲ್ಲ. ನಲ್ಲಿಯನ್ನೂ ನಿಲ್ಲಿಸಲಿಲ್ಲ.

ಕಂಡಕ್ಟರ್ ಎದ್ದು ಬಾಗಿಲವರೆಗೆ ಬಂದ. ಅವಳ ಬೆನ್ನು ನೋಡಿ ಅಲ್ಲೇ ನಿಂತ. ಬಾಟ್ಲಿಯಣ್ಣನೂ ಕದಲಲಿಲ್ಲ. ನೀರಿನ ಸದ್ದಿಗೆ ಪುಟ್ಟಿ ಚಮಚ ಬಡಿಯುವುದನ್ನು ನಿಲ್ಲಿಸಿ ಆ ಕಡೆ ತಿರುಗಿದಳು. ತುಟಿ ಸ್ವಲ್ಪ ತೆರೆಯಿತು. ಮೂವರೂ ಕಾದರು. ಮಗು ಮತ್ತೆ ತಲೆ ತಗ್ಗಿಸಿ ಲೋಟ ಬಡಿಯತೊಡಗಿತು.

ನೀರು ಹರಿಯುತ್ತಲೇ ಇತ್ತು. ಚರಂಡಿಯ ಪೈಪಿನಲ್ಲಿ ಅದರ ಸದ್ದು ಮಹಡಿಯಿಂದ ಮಹಡಿಗೆ ಇಳಿಯುತ್ತ ಕೆಳಗಿನ ಮನೆಗೂ ಕೇಳಿಸಿರಬೇಕು. "ಯಾರ್ರೀ ಅದು ಮೇಲೆ," ಎಂದು ಕೆಳಗಿನಾಕೆ ಕೂಗಿದಳು, "ನಲ್ಲಿ ನಿಲ್ಲಿಸ್ರೀ. ಒಳ್ಳೇ ನೀರು ಸುಮ್ನೆ ಹೋಗ್ತಿದೆ."